ದುಡಿಯುವ ತಾಯಿಯ ರಜೆ ಮತ್ತು ವೇತನ: ಒಂದು ವಿವೇಚನೆ

ಮಾತೃತ್ವವನ್ನು ಕೊಂಡಾಡುವಲ್ಲಿ ನಮ್ಮ ನಾಡು ಎಂದೂ ಹಿಂದುಳಿದುದಿಲ್ಲ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನರಿಯದ ಕನ್ನಡಿಗನು ಇರಲಾರನು. ಆದರೆ ಕೊಂಡಾಟವು ಬೇರೆ, ಅನುಕೂಲವು ಬೇರೆ. ಗಿರಣಿಯಲ್ಲಿ, ಕಛೇರಿಯಲ್ಲಿ, ಪಾಠಶಾಲೆಯಲ್ಲಿ, ಅಂಗಡಿಯಲ್ಲಿ ದುಡಿದು ಮನೆಯ ಭಾರಕ್ಕೆ ಹೆಗಲು ಕೊಟ್ಟಿರುವ ಹೆಣ್ಣುಮಗಳು ಬಸುರಿಯಾದಾಗ ಆಕೆಯ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ. ಎಷ್ಟು ದಿನ ಬಿಡುವು ದೊರೆಯುವುದು? ಆ ದಿನಗಳಲ್ಲಿ ಅನ್ನಕ್ಕೆ ದಾರಿ ಏನು? ಈ ಎರಡು ಪ್ರಶ್ನೆಗಳಿಗೆ ನಮ್ಮ ದೇಶದ ಕಾನೂನು ಏನು ಉತ್ತರವನ್ನು ಕೊಟ್ಟಿದೆಯೆಂಬುದನ್ನು ತಿಳಿಗನ್ನಡದಲ್ಲಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ವ್ಯಾಕರಣವನ್ನೂ ಕಾವ್ಯವನ್ನೂ ಪಾಠ ಹೇಳುತ್ತ ಕಾಲ ಕಳೆದ ನನ್ನಂಥವನಿಗೂ ಈ ವಿಷಯಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಆ ನಂಟು ಒಂದು ಪದದಿಂದ ಉಂಟಾಯಿತು. ಕೆಲವು ವರ್ಷಗಳ ಹಿಂದೆ ನನ್ನಲ್ಲಿ ಓದಿದ ಹೆಣ್ಣುಮಗಳೊಬ್ಬಳು ಎರಡು ತಿಂಗಳ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಆಕೆ ಒಂದು ಖಾಸಗಿ ಹೊಲಿಗೆಯ ಕಾರ್ಖಾನೆಯಲ್ಲಿ ದಿನಗೂಲಿಯ ಲೆಕ್ಕದಲ್ಲಿ ದುಡಿಯುತ್ತಿದ್ದವಳು. ಕಾರ್ಖಾನೆಯವರು ಕೊಟ್ಟ ಲೆಕ್ಕದ ಚೀಟಿಯಲ್ಲಿ 26 ವಾರಗಳ ಪ್ರಸೂತಿ ರಜೆ ಎಂದು ಬರೆದು, ಅದರ ಎದುರಿಗೆ 156 ದಿನಗಳ ವೇತನ ಎಂದು ಕಾಣಿಸಿದ್ದರು. ಭಾನುವಾರ ಕೆಲಸವಿಲ್ಲ, ಆದುದರಿಂದ ಕೂಲಿಯೂ ಇಲ್ಲ ಎಂಬುದು ಅವರ ವಾದ. “ಗುರುಗಳೇ, ವಾರವೆಂದರೆ ಎಷ್ಟು ದಿನ?” ಎಂದು ಆಕೆ ಕೇಳಿದಳು. ಹಣ ಸಾಲದ ಕಾರಣ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳಬೇಕೆಂದು ಮನೆಯಲ್ಲಿ ಮಾತಾಗಿತ್ತಂತೆ. ಮೊಲೆಯುಣ್ಣುವ ಮಗುವನ್ನು ಯಾರ ಕೈಗೊಪ್ಪಿಸುವುದೆಂಬ ಚಿಂತೆ ಆಕೆಯ ಮುಖದ ಮೇಲೆ ಬರೆದಂತಿತ್ತು.

ವಾರವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಸರದಿ, ಸಲ ಎಂಬ ಅರ್ಥಗಳುಂಟು. ಗ್ರಹಗಳ ಸರದಿಯಂತೆ ಬರುವ ಒಂದೊಂದು ದಿನವನ್ನು ಆದಿತ್ಯವಾರ, ಸೋಮವಾರ ಎಂದು ಕರೆಯುವುದು ಈ ಅರ್ಥದಿಂದಲೇ. ಕನ್ನಡದಲ್ಲಿ ಆ ಏಳು ದಿನಗಳ ಒಂದು ಸುತ್ತಿಗೂ ವಾರವೆಂದೇ ಹೆಸರು. ಯಾವ ಅರ್ಥವನ್ನು ಹಿಡಿದರೂ ಆದಿತ್ಯವಾರವನ್ನು ವಾರದಿಂದ ಹೊರಗೆ ಹಾಕುವ ಉಪಾಯವು ನನಗೆ ತೋರಲಿಲ್ಲ. ಇಷ್ಟನ್ನು ಹೇಳಿ ಆಕೆಯನ್ನು ಪರಿಚಿತ ವಕೀಲರೊಬ್ಬರ ಬಳಿಗೆ ಕರೆದೊಯ್ದೆನು. ಅವರು ನಕ್ಕು, “ಪಂಡಿತರೇ, ಈ ವ್ಯಾಕರಣವನ್ನು ಸರ್ವೋಚ್ಚ ನ್ಯಾಯಾಲಯವು ಎಂದೋ ಮುಗಿಸಿದೆ” ಎಂದು ಒಂದು ತೀರ್ಪನ್ನು ತೋರಿಸಿದರು. ಅಂದಿನಿಂದ ಈ ವಿಷಯವನ್ನು ನಾನು ಆಸಕ್ತಿಯಿಂದ ಓದುತ್ತ ಬಂದೆನು.

ಆ ವ್ಯಾಜ್ಯದ ಕಥೆಯು ಹೀಗಿದೆ. ತಮಿಳುನಾಡಿನ ತೋಟವೊಂದರಲ್ಲಿ ದುಡಿಯುತ್ತಿದ್ದ ಸ್ತ್ರೀಯೊಬ್ಬಳು 1967ರ ಡಿಸೆಂಬರಿನಲ್ಲಿ ಹೆತ್ತಳು. ಆಗ ಕಾನೂನಿನಂತೆ ದೊರೆಯುತ್ತಿದ್ದ ರಜೆಯು 12 ವಾರಗಳು. ತೋಟದವರು ಭಾನುವಾರಗಳನ್ನು ಕಳೆದು 72 ದಿನಗಳ ವೇತನವನ್ನು ಲೆಕ್ಕ ಹಾಕಿದರು. ಆಕೆ 84 ದಿನಗಳದ್ದು ಬೇಕೆಂದು ಕೊಯಮತ್ತೂರಿನ ಕಾರ್ಮಿಕ ನ್ಯಾಯಾಲಯಕ್ಕೆ ಮೊರೆಯಿಟ್ಟಳು. ಹನ್ನೆರಡು ದಿನಗಳ ಕೂಲಿಯ ಈ ಜಗಳವು ಉಚ್ಚ ನ್ಯಾಯಾಲಯವನ್ನು ಹಾಯ್ದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1977ರ ಅಕ್ಟೋಬರಿನಲ್ಲಿ ತೀರ್ಪು ಬಂದಿತು. ನ್ಯಾಯಾಧೀಶರು ನಿಘಂಟುಗಳನ್ನು ತೆರೆದು ನೋಡಿ, ವಾರವೆಂದರೆ ಭಾನುವಾರವೂ ಸೇರಿದ ಏಳು ದಿನಗಳ ಆವರ್ತನವೆಂದು ನಿರ್ಣಯಿಸಿದರು. ಈ ಕಾನೂನು ಹುಟ್ಟಿದುದು ತಾಯಿಯು ಜೀವ ಹಿಡಿಯಲಿ, ಕುಂದಿದ ಶಕ್ತಿಯನ್ನು ಮರಳಿ ಪಡೆಯಲಿ, ಕೂಸನ್ನು ಸಾಕಲಿ ಎಂಬ ಉದ್ದೇಶದಿಂದ. ಆದುದರಿಂದ ಅದರ ಪದಗಳಿಗೆ ಆ ಉದ್ದೇಶವನ್ನು ಕೈಗೂಡಿಸುವ ಅರ್ಥವನ್ನೇ ಹಚ್ಚಬೇಕೆಂಬುದು ತೀರ್ಪಿನ ತಿರುಳು. ಹಸಿವೆಗೆ ಭಾನುವಾರದ ರಜೆಯಿಲ್ಲವಷ್ಟೆ!

ಇನ್ನು ಈ ಕಾನೂನಿನ ಪೂರ್ವೋತ್ತರವನ್ನು ಸಂಕ್ಷೇಪವಾಗಿ ನೋಡೋಣ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪ್ರಥಮಾಧಿವೇಶನವು ಹೆರಿಗೆಯ ಹಿಂದುಮುಂದಿನ ವಿಶ್ರಾಂತಿಯ ಬಗ್ಗೆ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ನಮ್ಮಲ್ಲಿ ಕಾರ್ಮಿಕ ನಾಯಕರಾದ ಎನ್. ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆಯನ್ನು ತಂದರಾದರೂ ಅದು ಕೈಗೂಡಲಿಲ್ಲ. 1928ರಲ್ಲಿ ಮುಂಬೈ ಪ್ರಾಂತದ ಶಾಸನಸಭೆಯಲ್ಲಿ ಇಂಥದೇ ಮಸೂದೆಯು ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರರು ಅದನ್ನು ಸಮರ್ಥಿಸಿದರು. ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕಾಗಿಯೇ ಆದುದರಿಂದ ಅದರ ಭಾರದ ಬಹುಭಾಗವನ್ನು ಸರ್ಕಾರವು ಹೊರಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಇಂದಿನ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಸೇರಿದ್ದ ಆ ಪ್ರಾಂತದಲ್ಲಿ 1929ರಲ್ಲಿ ಶಾಸನವು ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ನಮ್ಮ ಸಂವಿಧಾನವು ತನ್ನ 42ನೆಯ ಅನುಚ್ಛೇದದಲ್ಲಿ ಪ್ರಸೂತಿ ನೆರವನ್ನು ರಾಜ್ಯದ ನೀತಿಯಾಗಿ ಹೇಳಿತು. 1961ರಲ್ಲಿ ಇಡೀ ದೇಶಕ್ಕೆ ಪ್ರಸೂತಿ ಸೌಲಭ್ಯ ಅಧಿನಿಯಮವು ಬಂದು 12 ವಾರಗಳ ರಜೆಯನ್ನು ವಿಧಿಸಿತು. 2017ರ ತಿದ್ದುಪಡಿಯು ಅದನ್ನು 26 ವಾರಗಳಿಗೆ ಏರಿಸಿತು. ಆ ಅಧಿನಿಯಮದ ವಿಧಿಗಳು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ರ ಆರನೆಯ ಅಧ್ಯಾಯದಲ್ಲಿ ಅಡಕವಾಗಿವೆ. ಈ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೆಸರು ಬದಲಾದರೂ ತಾಯಿಗೆ ಸಲ್ಲುವ ಮುಖ್ಯ ಸೌಲಭ್ಯಗಳು ಹಿಂದಿನಂತೆಯೇ ಉಳಿದಿವೆ.

ಅರ್ಹತೆಯ ವಿಚಾರವನ್ನು ಮೊದಲು ತಿಳಿಯೋಣ. ಕಾರ್ಖಾನೆ, ಗಣಿ, ತೋಟಗಳಿಗೂ, ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಅಂಗಡಿ ಮತ್ತು ಸಂಸ್ಥೆಗಳಿಗೂ ಈ ವಿಧಿಗಳು ಅನ್ವಯಿಸುತ್ತವೆ. ಹೆರಿಗೆಯಾಗಬಹುದಾದ ದಿನಕ್ಕೆ ಹಿಂದಿನ 12 ತಿಂಗಳುಗಳಲ್ಲಿ ಆಕೆಯು ಕನಿಷ್ಠ 80 ದಿನ ಆ ಸಂಸ್ಥೆಯಲ್ಲಿ ದುಡಿದಿರಬೇಕು. ಮೊದಲು ಇದು 160 ದಿನಗಳಾಗಿದ್ದು, 1988ರ ತಿದ್ದುಪಡಿಯಿಂದ 80ಕ್ಕೆ ಇಳಿಯಿತು. ಕೆಲಸವಿಲ್ಲವೆಂದು ಮಾಲೀಕನೇ ಮನೆಯಲ್ಲಿ ಕುಳ್ಳಿರಿಸಿದ ದಿನಗಳೂ, ಕಾನೂನಿನಂತೆ ವೇತನಸಹಿತವಾದ ರಜಾದಿನಗಳೂ ಈ 80ರಲ್ಲಿ ಸೇರುತ್ತವೆಂಬುದನ್ನು ಮರೆಯಬಾರದು. ಕೆಲಸವು ಖಾಯಂ ಆಗಿರಬೇಕೆಂಬ ನಿಯಮವಿಲ್ಲ. ದೆಹಲಿ ನಗರಸಭೆಯ ದಿನಗೂಲಿ ಸ್ತ್ರೀಯರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಗುತ್ತಿಗೆಯ ಅವಧಿಯು ನಡುವೆ ಮುಗಿದರೂ ಪ್ರಸೂತಿ ಸೌಲಭ್ಯವು ನಿಲ್ಲಬಾರದೆಂದು 2023ರಲ್ಲಿ ಅದೇ ನ್ಯಾಯಾಲಯವು ತೀರ್ಪಿತ್ತಿತು. ಆಕೆ ವಿವಾಹಿತೆಯೇ ಎಂಬ ಪ್ರಶ್ನೆಯನ್ನು ಈ ಕಾನೂನು ಎತ್ತುವುದಿಲ್ಲ.

ಅವಧಿಯ ವಿಚಾರ. ಜೀವಂತವಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದಲ್ಲಿ ತಾಯಿಗೆ 26 ವಾರಗಳು. ಅವುಗಳಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರಗಳನ್ನು ಬಳಸಬಹುದು. ಆಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ ರಜೆಯು 12 ವಾರಗಳು. ಹೆರಿಗೆಗೆ ಮೊದಲು ಹೆಚ್ಚೆಂದರೆ 6. ಮೂರನೆಯ ಬಾರಿ ಬಸುರಿಯಾದವಳಿಗೆ ಏನೂ ದೊರೆಯದೆಂದು ಹಲವರು ತಿಳಿದಿರುವುದು ತಪ್ಪು. ದತ್ತು ಪಡೆದ ತಾಯಿಗೆ ಮಗುವು ಕೈಸೇರಿದ ದಿನದಿಂದ 12 ವಾರಗಳ ರಜೆಯನ್ನು 2017ರ ತಿದ್ದುಪಡಿಯು ಕೊಟ್ಟಿತು. ಮಗುವು ಮೂರು ತಿಂಗಳೊಳಗಿನದಾಗಿರಬೇಕೆಂದು ಆಗ ಇಟ್ಟ ಕಟ್ಟಳೆಯು ಮುಂದೆ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಗೊಳಗಾಯಿತು. ಗರ್ಭಸ್ರಾವವಾದಲ್ಲಿ ಆ ನಂತರದ 6 ವಾರಗಳು, ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರಗಳು, ಗರ್ಭ ಅಥವಾ ಹೆರಿಗೆಯ ಕಾರಣದಿಂದಲೇ ರೋಗವುಂಟಾದಲ್ಲಿ ಮತ್ತೆ ಒಂದು ತಿಂಗಳವರೆಗೆ ಹೆಚ್ಚಿನ ರಜೆ, ಇವೆಲ್ಲವೂ ವೇತನಸಹಿತವೇ. ಇವುಗಳಿಗೆ ವೈದ್ಯರ ಪ್ರಮಾಣಪತ್ರವು ಬೇಕು. ಹೆರಿಗೆಯಾದ ಬಳಿಕ 6 ವಾರಗಳವರೆಗೆ ಆಕೆಯನ್ನು ದುಡಿಸಿಕೊಳ್ಳುವುದು ಮಾಲೀಕನಿಗೆ ನಿಷಿದ್ಧ. ದುಡಿಯುವುದು ಆಕೆಗೂ ನಿಷಿದ್ಧ.

ಈಗ ವೇತನದ ಲೆಕ್ಕ. ಸಂಬಳವೆಂಬ ನಮ್ಮ ಮಾತು ಶಂಬಲವೆಂಬ ಸಂಸ್ಕೃತ ಶಬ್ದದ ತದ್ಭವ. ಅದರ ಮೂಲಾರ್ಥವು ದಾರಿಯ ಬುತ್ತಿ. ಈ ಆರು ತಿಂಗಳ ಕಠಿನ ದಾರಿಗೆ ಕಟ್ಟಿಕೊಡಬೇಕಾದ ಬುತ್ತಿ ಎಷ್ಟು? ರಜೆಯು ಆರಂಭವಾಗುವ ದಿನಕ್ಕೆ ಹಿಂದಿನ ಮೂರು ತಿಂಗಳುಗಳಲ್ಲಿ ಆಕೆ ದುಡಿದ ದಿನಗಳಿಗೆ ಸಲ್ಲುವ ವೇತನದ ದಿನಸರಾಸರಿಯನ್ನು ತೆಗೆಯಬೇಕು. ಅದು ಸರ್ಕಾರವು ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆಯಾಗಿರಕೂಡದು. ಆ ಸರಾಸರಿಯನ್ನು ರಜೆಯ ಒಟ್ಟು ದಿನಗಳಿಂದ ಗುಣಿಸಿದರೆ ಬರುವುದೇ ಆಕೆಗೆ ಸಲ್ಲಬೇಕಾದ ಮೊತ್ತ. ಉದಾಹರಣೆಗೆ, ಮೂರು ತಿಂಗಳಲ್ಲಿ 75 ದಿನ ದುಡಿದು 45,000 ರೂಪಾಯಿ ಗಳಿಸಿದವಳ ಸರಾಸರಿಯು ದಿನಕ್ಕೆ 600 ರೂಪಾಯಿ. 26 ವಾರಗಳೆಂದರೆ 182 ದಿನಗಳು. ಮೊತ್ತವು 1,09,200 ರೂಪಾಯಿ. ಭಾನುವಾರಗಳನ್ನು ಕಳೆದು 156 ದಿನವೆಂದರೆ 93,600 ರೂಪಾಯಿ. ಒಂದು ಪದವನ್ನು ತಪ್ಪಾಗಿ ಓದಿದುದಕ್ಕೆ ಬಾಣಂತಿಯು ತೆರುವ ದಂಡವು 15,600 ರೂಪಾಯಿ!

ಈ ಹಣವನ್ನು ಕೊಡುವ ಕಾಲವನ್ನೂ ಕಾನೂನು ನಿಗದಿಪಡಿಸಿದೆ. ಹೆರಿಗೆಗೆ ಮುಂಚಿನ ಅವಧಿಯ ಭಾಗವನ್ನು ಗರ್ಭಿಣಿಯೆಂಬ ಪ್ರಮಾಣವನ್ನು ಒಪ್ಪಿಸಿದೊಡನೆ ಮುಂಗಡವಾಗಿ ಕೊಡಬೇಕು. ಉಳಿದುದನ್ನು ಹೆರಿಗೆಯ ಪ್ರಮಾಣವನ್ನು ಒಪ್ಪಿಸಿದ 48 ಗಂಟೆಗಳೊಳಗೆ ಕೊಡಬೇಕು. ಹೆರಿಗೆಗೆ ಮೊದಲು ಮತ್ತು ಆ ಬಳಿಕ ಉಚಿತವಾದ ಆರೈಕೆಯನ್ನು ಸಂಸ್ಥೆಯು ಒದಗಿಸದಿದ್ದಲ್ಲಿ 3,500 ರೂಪಾಯಿಗಳ ವೈದ್ಯಕೀಯ ಬೋನಸ್ಸೂ ಆಕೆಗೆ ಸಲ್ಲುತ್ತದೆ. ಇದಕ್ಕೆ ಆಕೆ ಮಾಡಬೇಕಾದುದು ಇಷ್ಟೇ: ಯಾವ ದಿನದಿಂದ ರಜೆ ಬೇಕು, ತನ್ನ ಪರವಾಗಿ ಹಣವು ಯಾರಿಗೆ ಸಲ್ಲಬೇಕು ಎಂಬುದನ್ನು ಬರೆದು ಮಾಲೀಕನಿಗೆ ತಿಳಿವಳಿಕೆ ಪತ್ರವನ್ನು ಕೊಡುವುದು. ಹೆರಿಗೆಗೆ ಮೊದಲು ಕೊಡಲಾಗದಿದ್ದಲ್ಲಿ ಹೆರಿಗೆಯಾದೊಡನೆ ಕೊಡಬಹುದು. ಪತ್ರವು ತಡವಾಯಿತೆಂಬ ಒಂದೇ ಕಾರಣದಿಂದ ಹಕ್ಕು ಕಳೆದುಹೋಗುವುದಿಲ್ಲ. ದೈವವಶಾತ್ ಹೆರಿಗೆಯಲ್ಲಿಯೇ ತಾಯಿ ತೀರಿಕೊಂಡು ಕೂಸು ಉಳಿದಲ್ಲಿ, ಹೆರಿಗೆಯ ನಂತರದ ಪೂರ್ಣಾವಧಿಯ ಹಣವು ಆಕೆ ಹೆಸರಿಸಿದವರಿಗೆ ಸಲ್ಲುತ್ತದೆ. ಆದುದರಿಂದ ಆ ಹೆಸರನ್ನು ಬರೆಯುವುದನ್ನು ಅಮಂಗಲವೆಂದು ಯಾರೂ ಹಿಂಜರಿಯಬಾರದು. ರಜೆಯ ಕಾಲದಲ್ಲಿ ಬೇರೆಡೆ ಕೂಲಿಗೆ ದುಡಿದರೆ ಮಾತ್ರ ಆ ಕಾಲದ ಸೌಲಭ್ಯಕ್ಕೆ ಚ್ಯುತಿ ಬರುತ್ತದೆ.

ಕೆಲಸಕ್ಕೆ ಮರಳಿದ ಮೇಲೆಯೂ ಕೆಲವು ಅನುಕೂಲಗಳುಂಟು. ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ವಿರಾಮ ದೊರೆಯಬೇಕು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಯಲ್ಲಿ ಶಿಶುಪಾಲನಾಗೃಹವಿರಬೇಕು. ತಾಯಿಯು ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು. ರಜೆಯಲ್ಲಿದ್ದಾಗ ಆಕೆಯನ್ನು ಕೆಲಸದಿಂದ ತೆಗೆಯುವುದಾಗಲಿ, ಕೆಲಸದ ನಿಬಂಧನೆಗಳನ್ನು ಆಕೆಗೆ ಕೇಡಾಗುವಂತೆ ಬದಲಿಸುವುದಾಗಲಿ ಅಕ್ರಮ. ಬಸುರಿಯಾಗಿದ್ದಾಗ ತೆಗೆದುಹಾಕಿದರೂ ಸೌಲಭ್ಯವು ತಪ್ಪದು. ಆಕೆ 60 ದಿನಗಳೊಳಗೆ ಅಧಿಕಾರಿಗಳಲ್ಲಿ ಮೇಲ್ಮನವಿಯನ್ನು ಸಲ್ಲಿಸಬಹುದು. ಹಣ ಕೊಡದಿದ್ದಲ್ಲಿ ಕಾರ್ಮಿಕ ಇಲಾಖೆಯಲ್ಲಿ ಈ ಕಾರ್ಯಕ್ಕೆಂದೇ ನೇಮಕವಾದ ನಿರೀಕ್ಷಕ ಅಧಿಕಾರಿಗೆ ದೂರನ್ನು ಕೊಡಬೇಕು. ಹಣವನ್ನು ಕೊಡುವಂತೆ ಆದೇಶಿಸುವ ಅಧಿಕಾರವು ಅವರಿಗುಂಟು.

ಇಲ್ಲಿಯವರೆಗೆ ಹೇಳಿದುದು ಮಾಲೀಕನೇ ಹಣವನ್ನು ಕೊಡಬೇಕಾದ ಪದ್ಧತಿ. ಇ.ಎಸ್.ಐ. ಎಂದು ಜನಜನಿತವಾಗಿರುವ ನೌಕರರ ರಾಜ್ಯ ವಿಮೆಯು ಇನ್ನೊಂದು ಪದ್ಧತಿ. 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿಯವರೆಗೆ ವೇತನವುಳ್ಳವರನ್ನು ಇದರಲ್ಲಿ ಸೇರಿಸಲಾಯಿತು. ಹಿಂದಿನ ಎರಡು ವಂತಿಗೆಯ ಅವಧಿಗಳಲ್ಲಿ, ಎಂದರೆ ಒಂದು ವರ್ಷದಲ್ಲಿ, 70 ದಿನಗಳಿಗೆ ವಂತಿಗೆ ಸಂದಿದ್ದರೆ ವಿಮಾ ನಿಗಮವೇ 26 ವಾರಗಳ ಪೂರ್ಣ ಸರಾಸರಿ ವೇತನವನ್ನು ಕೊಡುತ್ತದೆ. ಇಲ್ಲಿ ಭಾರವು ಒಬ್ಬ ಮಾಲೀಕನ ಮೇಲೆ ಬೀಳದೆ ಎಲ್ಲರ ವಂತಿಗೆಯ ಮೇಲೆ ಹರಡಿಕೊಳ್ಳುತ್ತದೆ. ಮೊದಲನೆಯ ಪದ್ಧತಿಯಲ್ಲಿ, ಹಣವನ್ನು ಪೂರ್ತಿ ತಾನೇ ತೆರಬೇಕಲ್ಲಾ ಎಂದು ಸಣ್ಣ ಮಾಲೀಕನು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂಜರಿಯುವ ಅಪಾಯವಿದೆ. ಭಾರವನ್ನು ಯಾರು ಹೊರಬೇಕೆಂದು ಅಂಬೇಡ್ಕರರು 1928ರಲ್ಲಿ ಎತ್ತಿದ ಪ್ರಶ್ನೆಯು ಇಂದಿಗೂ ಹಳತಾಗಿಲ್ಲ.

ಸರ್ಕಾರಿ ನೌಕರರಿಗೆ ಬೇರೆ ನಿಯಮಗಳುಂಟು. ಕೇಂದ್ರ ಸರ್ಕಾರದ ಸ್ತ್ರೀ ನೌಕರರಿಗೂ, ಕರ್ನಾಟಕ ರಾಜ್ಯದ ಸ್ತ್ರೀ ನೌಕರರಿಗೂ ಇಬ್ಬರು ಮಕ್ಕಳವರೆಗೆ 180 ದಿನಗಳ ಪ್ರಸೂತಿ ರಜೆಯುಂಟು. ರಜೆಗೆ ಹೋಗುವ ಮುನ್ನ ಪಡೆಯುತ್ತಿದ್ದ ವೇತನವೇ ರಜೆಯಲ್ಲಿಯೂ ಸಲ್ಲುತ್ತದೆ. ಮಕ್ಕಳ ಪಾಲನೆಗೆಂದು ಕೇಂದ್ರದಲ್ಲಿ ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ಮೊದಲ 365 ದಿನಗಳಿಗೆ ಪೂರ್ಣ ವೇತನ, ಉಳಿದವಕ್ಕೆ ಶೇಕಡಾ 80. ಕರ್ನಾಟಕವು 2021ರಲ್ಲಿ ತನ್ನ ಸ್ತ್ರೀ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯನ್ನು ಕೊಟ್ಟಿತು. ತಮಿಳುನಾಡಿನ ಸರ್ಕಾರಿ ಶಾಲೆಯ ಉಪಾಧ್ಯಾಯಿನಿಯೊಬ್ಬರಿಗೆ ಮೂರನೆಯ ಮಗುವೆಂಬ ಕಾರಣದಿಂದ ರಜೆಯನ್ನು ನಿರಾಕರಿಸಿದಾಗ, ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆ ನಿರಾಕರಣೆಯನ್ನು ತಳ್ಳಿಹಾಕಿದುದನ್ನು ಉಪಾಧ್ಯಾಯ ವೃಂದದವರು ಗಮನಿಸಬೇಕು.

ತಂದೆಯ ಪಾಡೇನು? ಕೇಂದ್ರದಲ್ಲಿಯೂ ಕರ್ನಾಟಕದಲ್ಲಿಯೂ ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ಸಂಸ್ಥೆಯಲ್ಲಿ ದುಡಿಯುವ ತಂದೆಗೆ ಸಾಮಾಜಿಕ ಭದ್ರತಾ ಸಂಹಿತೆಯು ಒಂದು ದಿನವನ್ನೂ ಹೇಳಿಲ್ಲ. ಆಯಾ ಸಂಸ್ಥೆಯು ಇಚ್ಛೆಪಟ್ಟು ಕೊಟ್ಟರೆ ಉಂಟು. ಮಗುವಿನ ಪಾಲನೆಯಲ್ಲಿ ತಂದೆಗೆ ಪಾಲಿಲ್ಲವೆಂಬ ಹಳೆಯ ಭಾವನೆಯೇ ಇದರ ಹಿಂದೆ ಇದೆಯೆಂದು ನನಗೆ ತೋರುತ್ತದೆ.

ಇನ್ನೂ ದೊಡ್ಡ ಕೊರತೆಯೊಂದುಂಟು. ಹೊಲದಲ್ಲಿ ಕಳೆ ಕೀಳುವವಳಿಗೆ, ಮನೆಗೆಲಸದವಳಿಗೆ, ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಈ 26 ವಾರಗಳು ಕನ್ನಡಿಯೊಳಗಿನ ಗಂಟು. ಅವರಿಗಾಗಿ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಿದೆ. ಮೊದಲ ಮಗುವಿಗೆ 5,000 ರೂಪಾಯಿ. 2022ರ ಏಪ್ರಿಲಿನಿಂದ ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ. ಅಂಗನವಾಡಿಯಲ್ಲಿ ಹೆಸರನ್ನು ನೋಂದಾಯಿಸಿ ಇದನ್ನು ಪಡೆಯಬಹುದು. ಮೇಲಿನ ಉದಾಹರಣೆಯ 1,09,200 ರೂಪಾಯಿಗಳ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ನೋಡಿದರೆ ನಮ್ಮ ಮಾತೃಭಕ್ತಿಯು ಎಲ್ಲಿಯವರೆಗೆ ಮುಟ್ಟಿದೆ, ಎಲ್ಲಿ ನಿಂತಿದೆ ಎಂಬುದು ಯಾರಿಗಾದರೂ ತಿಳಿಯುತ್ತದೆ.

ರಜೆಯೆಂಬ ಮಾತು ನಮಗೆ ಪಾರಸಿ ಮತ್ತು ಅರಬ್ಬಿ ಭಾಷೆಗಳ ರಜಾ ಎಂಬುದರಿಂದ ಬಂದುದು. ಸಮ್ಮತಿ, ಅನುಮತಿ ಎಂಬುದು ಅದರ ಅರ್ಥ. ಹೀಗಾಗಿಯೇ ಏನೋ, ಅನೇಕ ಹೆಣ್ಣುಮಕ್ಕಳು ಇಂದಿಗೂ ಇದನ್ನು ಧಣಿಯ ಅನುಮತಿಯೆಂದು ತಿಳಿದು ಕೈಕಟ್ಟಿ ಬೇಡುತ್ತಾರೆ. ಕೊಟ್ಟಷ್ಟನ್ನು ಎಣಿಸದೆ ಸ್ವೀಕರಿಸುತ್ತಾರೆ. ಇತರ ರಜೆಗಳಿಗೆ ಆ ಅರ್ಥವು ಸಲ್ಲಬಹುದು. ಪ್ರಸೂತಿಯ ರಜೆಗೆ ಸಲ್ಲದು. 80 ದಿನ ದುಡಿದವಳಿಗೆ ಇದು ಕಾನೂನು ಬರೆದುಕೊಟ್ಟ ಹಕ್ಕು. ಸಂಸ್ಥೆಯು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಈ ಸೌಲಭ್ಯಗಳನ್ನು ಪ್ರತಿಯೊಬ್ಬ ಸ್ತ್ರೀಗೂ ಬರಹದಲ್ಲಿ ತಿಳಿಸಬೇಕೆಂಬ ವಿಧಿಯೂ ಇದೆ. ಆ ಬರಹವನ್ನು ಕೇಳಿ ಪಡೆದು, ಓದಿ, ಜೋಪಾನವಾಗಿ ಇಟ್ಟುಕೊಳ್ಳುವುದು ಆಕೆಯ ಕೆಲಸ.

ನನ್ನ ಆ ಶಿಷ್ಯೆಯ ಕಥೆಯನ್ನು ಮುಗಿಸಿಬಿಡುತ್ತೇನೆ. ವಕೀಲರು ಬರೆದುಕೊಟ್ಟ ಪತ್ರದಲ್ಲಿ 1977ರ ತೀರ್ಪನ್ನು ಉಲ್ಲೇಖಿಸಿ, ಉಳಿದ 26 ದಿನಗಳ ವೇತನವನ್ನು ಕೇಳಲಾಗಿತ್ತು. ಎರಡು ಬಾರಿ ನೆನಪೋಲೆ ಹೋದ ಮೇಲೆ ಹಣವು ಬಂದಿತು. ಆಕೆ ರಜೆಯ ಕೊನೆಯ ದಿನದವರೆಗೆ ಕೂಸಿನೊಡನಿದ್ದು ಆ ಬಳಿಕ ಕೆಲಸಕ್ಕೆ ಹೋದಳು. ಮುಂದಿನ ವರ್ಷ ಅದೇ ಕಾರ್ಖಾನೆಯ ಇನ್ನೊಬ್ಬಳಿಗೆ ಮೊದಲ ಚೀಟಿಯಲ್ಲಿಯೇ 182 ದಿನವೆಂದು ಬರೆದು ಬಂದಿತಂತೆ. ಇದನ್ನು ನನಗೆ ಹೇಳಲೆಂದೇ ಆಕೆ ಮತ್ತೊಮ್ಮೆ ಬಂದಿದ್ದಳು. ಕೂಸು ಆಗ ಅಂಗಳದಲ್ಲಿ ಓಡಾಡುತ್ತಿತ್ತು.

ನಮ್ಮ ಶಾಲೆಯಲ್ಲಿ ಓದಿದ ಎಷ್ಟೋ ಹೆಣ್ಣುಮಕ್ಕಳು ಇಂದು ನಾಡಿನ ಹಲವೆಡೆಗಳಲ್ಲಿ ದುಡಿಯುತ್ತಿದ್ದಾರೆ. ಈ ಸ್ಮರಣ ಸಂಚಿಕೆಯು ಅವರ ಮನೆಗಳನ್ನು ಮುಟ್ಟುವುದೆಂಬ ಭರವಸೆಯಿಂದ ಈ ನಾಲ್ಕು ಮಾತುಗಳನ್ನು ಬರೆದಿದ್ದೇನೆ. ವಾರಕ್ಕೆ ಏಳು ದಿನವೆಂಬುದನ್ನು ನಾವು ಒಂದನೆಯ ತರಗತಿಯಲ್ಲಿಯೇ ಅವರಿಗೆ ಕಲಿಸಿದ್ದೇವೆ. ಚೀಟಿಯನ್ನು ಕೈಗೆ ಕೊಟ್ಟಾಗ ಅದನ್ನು ನೆನೆದು ಎಣಿಸಿಕೊಳ್ಳಲಿ.